ಅಡುಗೆಮನೆಯ ಕೈಗಳಿಗೆ ಸ್ಯಾನಿಟೈಜರೋ, ಸೋಪು-ನೀರೋ, ಗ್ಲೌಸೋ? ವಾಂತಿ-ಭೇದಿಯ ವೈರಸ್ ತಡೆಯಬೇಕಾದವರಿಗೆ ಒಂದು ಹೋಲಿಕೆ

2020ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು 200 ಮಿಲಿಲೀಟರ್ ಸ್ಯಾನಿಟೈಜರ್ ಬಾಟಲಿಗೆ 100 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಆದೇಶ ಹೊರಡಿಸಬೇಕಾಯಿತು. ಆ ಬಾಟಲಿಗೆ ಅಷ್ಟು ಬೇಡಿಕೆಯಿತ್ತು. ಆಗ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಪಕ್ಕ ಬಂದು ಕುಳಿತ ಬಾಟಲಿ ಕೊರೊನಾ ಇಳಿದ ಮೇಲೂ ಅಲ್ಲೇ ಉಳಿಯಿತು, ಅನೇಕ ಕಡೆ ಒಳಗಿನ ಅಡುಗೆಮನೆಗೂ ಹೋಯಿತು. ಅಡುಗೆಮನೆಗೆ ಹೋದದ್ದರಲ್ಲಿ ತಪ್ಪಿಲ್ಲ. ಆದರೆ ಅದು ಅಲ್ಲಿ ಕೈತೊಳೆಯುವ ಸಿಂಕಿನ ಜಾಗವನ್ನು ಹಿಡಿದುಕೊಂಡಿದ್ದರೆ ಅದು ನಿಜಕ್ಕೂ ಚಿಂತೆಯ ವಿಷಯ. ದರ್ಶಿನಿ, ಮೆಸ್ಸು, ಪಿಜಿ, ಹಾಸ್ಟೆಲ್ ನಡೆಸುವವರು ಮತ್ತು ಮದುವೆಮನೆಗಳ ಅಡುಗೆ ವಹಿಸಿಕೊಳ್ಳುವವರು ತಮ್ಮಲ್ಲಿರುವ ಹಣವನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಎಂದು ತೀರ್ಮಾನಿಸಲು ಈ ಬರಹ ನೆರವಾಗಲಿ ಎಂಬುದು ನನ್ನ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಾಂತಿ-ಭೇದಿಯ ವೈರಸ್ಸಿನ ವಿಷಯದಲ್ಲಿ ಸೋಪು ಮತ್ತು ಹರಿಯುವ ನೀರಿಗೆ ಮೊದಲ ಸ್ಥಾನ, ಸ್ಯಾನಿಟೈಜರಿಗೆ ಅದರ ನಂತರದ ಸ್ಥಾನ, ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ.

ಎದುರಾಳಿ ಯಾರು ಎಂಬುದನ್ನು ತಿಳಿಯದೆ ಹೋಲಿಕೆ ಸಾಧ್ಯವಿಲ್ಲ

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ನೋರೋವೈರಸ್ ಬಗ್ಗೆ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳು ಮತ್ತು ಶಿಕ್ಷಕರಲ್ಲಿ ಸುಮಾರು ಅರ್ಧದಷ್ಟು ಮಂದಿ ವಾಂತಿ-ಭೇದಿಯಿಂದ ಮಲಗಿದರು. ಅಲ್ಲಿಂದ ಸಂಗ್ರಹಿಸಿಟ್ಟಿದ್ದ ಮಾದರಿಗಳಿಂದ ಆಲ್ಬರ್ಟ್ ಕಪಿಕಿಯಾನ್ ಅವರ ತಂಡ 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಈ ವೈರಸ್ಸನ್ನು ಗುರುತಿಸಿತು. ಊರಿನ ಹೆಸರೇ ವೈರಸ್ಸಿನ ಹೆಸರಾಯಿತು. ನಮಗೆ ಇದು ದೂರದ ಸಂಗತಿಯೇನಲ್ಲ. 2021ರ ನವೆಂಬರಿನಲ್ಲಿ, ಮೈಸೂರು, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳಿಗೆ ಗಡಿ ಹೊಂದಿಕೊಂಡಿರುವ ವಯನಾಡಿನ ಪೂಕೋಡ್ ಪಶುವೈದ್ಯಕೀಯ ಕಾಲೇಜಿನ 13 ವಿದ್ಯಾರ್ಥಿಗಳಲ್ಲಿ ಇದು ಕಾಣಿಸಿಕೊಂಡಿತ್ತು.

ಈ ವೈರಸ್ಸಿನ ಮೂರು ಗುಣಗಳು ನಮ್ಮ ಆಯ್ಕೆಯನ್ನು ನಿರ್ಧರಿಸುತ್ತವೆ. ಮೊದಲನೆಯದು, ನೂರಕ್ಕಿಂತ ಕಡಿಮೆ ಕಣಗಳು ಹೊಟ್ಟೆಗೆ ಹೋದರೂ ಕಾಯಿಲೆ ಬರಬಹುದು, ಆದರೆ ರೋಗಿಯ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ಕಣಗಳಿರುತ್ತವೆ. ಎರಡನೆಯದು, ಸೋಂಕು ತಗಲಿದ 12ರಿಂದ 48 ಗಂಟೆಗಳೊಳಗೆ ಕಾಯಿಲೆ ಶುರುವಾಗಿ ಒಂದರಿಂದ ಮೂರು ದಿನಗಳಲ್ಲಿ ವಾಸಿಯಾದರೂ, ಆ ನಂತರ ಎರಡು ವಾರ ಅಥವಾ ಇನ್ನೂ ಹೆಚ್ಚು ಕಾಲ ವೈರಸ್ ಮಲದಲ್ಲಿ ಹೊರಬೀಳುತ್ತಲೇ ಇರುತ್ತದೆ. ಮೂರನೆಯದು, ಮತ್ತು ಈ ಹೋಲಿಕೆಯ ತಿರುಳೇ ಆಗಿರುವುದು, ಇದಕ್ಕೆ ಕೊಬ್ಬಿನ ಹೊದಿಕೆಯಿಲ್ಲ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದ್ದುದರಿಂದ ಆಲ್ಕೋಹಾಲು ಅದನ್ನು ಕರಗಿಸಿ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತಿತ್ತು. ನೋರೋವೈರಸ್ಸಿನ ಹೊರಗೋಡೆ ಬಿಗಿಯಾದ ಪ್ರೋಟೀನಿನದು. ಆಲ್ಕೋಹಾಲಿಗೆ ಅಲ್ಲಿ ಕರಗಿಸಲು ಕೊಬ್ಬೇ ಸಿಗುವುದಿಲ್ಲ. ಕೊರೊನಾ ಕಾಲದಲ್ಲಿ ನಾವು ಕಲಿತ ಒಳ್ಳೆಯ ಪಾಠವೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತಿದೆ.

ಒಲೆಯಿಂದ ಇಳಿದ ಮೇಲಿನ ಕೈ

ನೋರೋವೈರಸ್ 60 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನೂ ಕೆಲಹೊತ್ತು ತಡೆದುಕೊಳ್ಳಬಲ್ಲದು, ಆದರೆ ಕುದಿಯುವ ಸಾರಿನಲ್ಲಿ ಅದು ಉಳಿಯುವುದಿಲ್ಲ. ಹಾಗಾಗಿ ನಮ್ಮ ಅಡುಗೆಯಲ್ಲಿ ಅಪಾಯವಿರುವುದು ಒಲೆಯ ಮೇಲಲ್ಲ, ಒಲೆಯಿಂದ ಇಳಿಸಿದ ನಂತರ. ಒಗ್ಗರಣೆ ಹಾಕಿದ ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವ ಕೈ, ಆರಿದ ಅನ್ನಕ್ಕೆ ಗೊಜ್ಜು ಹಾಕಿ ಚಿತ್ರಾನ್ನ ಕಲಸುವ ಕೈ, ಮೊಸರನ್ನಕ್ಕೆ ದ್ರಾಕ್ಷಿ-ದಾಳಿಂಬೆ ಬೆರೆಸುವ ಕೈ, ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ-ತೆಂಗಿನತುರಿ ಸೇರಿಸಿ ಕೋಸಂಬರಿ ಮಾಡುವ ಕೈ, ಎಲೆಯ ತುದಿಗೆ ಉಪ್ಪು-ಉಪ್ಪಿನಕಾಯಿ ಬಡಿಸುವ ಕೈ, ಜ್ಯೂಸಿಗೆ ಐಸು ಹಾಕುವ ಕೈ: ಇವುಗಳ ನಂತರ ಆ ಪದಾರ್ಥ ಮತ್ತೆ ಬೆಂಕಿ ಕಾಣುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ. ಆಹಾರದಿಂದ ಹರಡಿದ, ಕಾರಣ ಗೊತ್ತಾದ ನೋರೋವೈರಸ್ ಪ್ರಕರಣಗಳಲ್ಲಿ 70 ಪ್ರತಿಶತಕ್ಕೆ ಕಾಯಿಲೆಯಿದ್ದ ಅಡುಗೆ ಕೆಲಸಗಾರರೇ ಮೂಲವಾಗಿದ್ದರು, ಮತ್ತು ಅವುಗಳಲ್ಲಿ 54 ಪ್ರತಿಶತದಲ್ಲಿ ಅವರು ತಿನ್ನಲು ಸಿದ್ಧವಾದ ಆಹಾರವನ್ನು ಬರಿಗೈಯಲ್ಲಿ ಮುಟ್ಟಿದ್ದರು. ಅಲ್ಲಿ ಅದು ಸಲಾಡು, ಸ್ಯಾಂಡ್‌ವಿಚ್ಚು. ಇಲ್ಲಿ ಕೋಸಂಬರಿ, ಚಟ್ನಿ.

ಅಡುಗೆ ಕೆಲಸದವರಿಗೆ ಶುಚಿತ್ವದ ತರಬೇತಿ ಕೊಡಲು ಹೋದಾಗ ಒಂದು ಮದುವೆಮನೆಯಲ್ಲಿ ಕಂಡದ್ದನ್ನು ನಾನು ಮರೆತಿಲ್ಲ. ಶೌಚಾಲಯದಿಂದ ಬಂದ ಹುಡುಗನೊಬ್ಬ ಬಾಗಿಲಲ್ಲಿದ್ದ ಬಾಟಲಿಯನ್ನು ಎರಡು ಸಲ ಒತ್ತಿ, ಅಂಗೈಗಳನ್ನಷ್ಟೇ ಉಜ್ಜಿಕೊಂಡು, ಒಣಗುವ ಮುನ್ನವೇ ಕೋಸಂಬರಿಯ ಕೊಳಗಕ್ಕೆ ಮೊಣಕೈವರೆಗೂ ಕೈ ಇಳಿಸಿದ. ಅವನ ಉಗುರಿನ ಅಂಚುಗಳಲ್ಲಿ ಬೆಳಗಿನ ಅರಿಸಿನ ಇನ್ನೂ ಹಳದಿಯಾಗಿತ್ತು. ಅವನು ಸೋಮಾರಿಯಲ್ಲ, ಬಾಟಲಿ ಬಳಸಿದರೆ ಸಾಕೆಂದು ಯಾರೋ ಹೇಳಿಕೊಟ್ಟದ್ದನ್ನು ಅವನು ನಿಷ್ಠೆಯಿಂದ ಪಾಲಿಸುತ್ತಿದ್ದ.

ಸೋಪು-ನೀರು ಮತ್ತು ಸ್ಯಾನಿಟೈಜರ್, ಎದುರುಬದುರು

ಅಂದಿನಿಂದ ನಾನು ತರಬೇತಿಯಲ್ಲಿ ಅರಿಸಿನವನ್ನೇ ಬಳಸುತ್ತೇನೆ. ಎರಡು ಹನಿ ಎಣ್ಣೆಯಲ್ಲಿ ಚಿಟಿಕೆ ಅರಿಸಿನ ಕಲಸಿ ಇಬ್ಬರ ಕೈಗೆ ಸವರಿ, ಒಬ್ಬರಿಗೆ ಸ್ಯಾನಿಟೈಜರ್, ಇನ್ನೊಬ್ಬರಿಗೆ ಸೋಪು-ನೀರು ಕೊಡಬೇಕು. ಸ್ಯಾನಿಟೈಜರ್ ಉಜ್ಜಿದ ಕೈಯಲ್ಲಿ ಹಳದಿ ಬೆರಳ ಸಂದುಗಳಿಗೆಲ್ಲ ಹರಡಿಕೊಳ್ಳುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ, ಏಕೆಂದರೆ ಅದನ್ನು ಹೊತ್ತೊಯ್ಯಲು ಅಲ್ಲಿ ಹರಿಯುವ ನೀರಿಲ್ಲ. ಸೋಪು ಹಚ್ಚಿದ ಕೈಯಿಂದ ಬಹುಪಾಲು ಹಳದಿ ಚರಂಡಿ ಸೇರುತ್ತದೆ. ಅಲ್ಲೂ ಹೆಬ್ಬೆರಳ ಬುಡ, ಉಗುರಿನ ಸುತ್ತ, ಉಂಗುರದ ಕೆಳಗೆ ಸ್ವಲ್ಪ ಉಳಿಯುತ್ತದೆ, ಮತ್ತು ಆ ಉಳಿದ ಜಾಗಗಳೇ ತೊಳೆಯುವಾಗ ನಾವು ತಪ್ಪಿಸುವ ಜಾಗಗಳು. ಸೋಪು ಈ ವೈರಸ್ಸನ್ನು ಕೊಲ್ಲುವುದಿಲ್ಲ ಎಂಬುದನ್ನು ನೆನಪಿಡಬೇಕು. ಅದು ಜಿಡ್ಡನ್ನು ಸಡಿಲಿಸುತ್ತದೆ, ಉಜ್ಜುವಿಕೆ ವೈರಸ್ಸನ್ನು ಚರ್ಮದಿಂದ ಕೀಳುತ್ತದೆ, ನೀರು ಕೊಂಡೊಯ್ಯುತ್ತದೆ. ಮೂರರಲ್ಲಿ ಯಾವುದನ್ನು ಬಿಟ್ಟರೂ ಕೆಲಸ ಅರ್ಧವಾಗುತ್ತದೆ.

ನಿಜವಾದ ನಾರ್ವಾಕ್ ವೈರಸ್ಸನ್ನೇ ಸ್ವಯಂಸೇವಕರ ಬೆರಳುಗಳಿಗೆ ಹಚ್ಚಿ ಮಾಡಿದ, 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಫಲಿತಾಂಶವನ್ನು ಸರಳವಾಗಿ ಹೇಳುವುದಾದರೆ, ದ್ರವಸೋಪಿನಿಂದ ತೊಳೆದಾಗ ಸುಮಾರು 80ರಿಂದ 94 ಪ್ರತಿಶತದಷ್ಟು ವೈರಸ್ ಕಡಿಮೆಯಾಯಿತು. ಆಲ್ಕೋಹಾಲ್ ಸ್ಯಾನಿಟೈಜರಿನಿಂದ ಕಡಿಮೆಯಾದದ್ದು ಸುಮಾರು 28ರಿಂದ 54 ಪ್ರತಿಶತ ಮಾತ್ರ. ಅದೇ ಅಧ್ಯಯನದಲ್ಲಿ ಬರಿಯ ನೀರಿನಲ್ಲಿ ತೊಳೆದದ್ದೂ ಸ್ಯಾನಿಟೈಜರಿಗಿಂತ ಮೇಲಾಗಿತ್ತು, ಹೆಚ್ಚುಕಡಿಮೆ ಸೋಪಿನಷ್ಟೇ ಫಲ ನೀಡಿತ್ತು. ಎಣ್ಣೆ-ಜಿಡ್ಡು ಇರುವ ನಮ್ಮ ಅಡುಗೆಮನೆಯ ಕೈಗೆ ಸೋಪು ಬೇಕೇ ಬೇಕು ಎಂದು ನಾನು ಹೇಳುತ್ತೇನಾದರೂ, ಮುಖ್ಯ ಕೆಲಸಗಾರ ನೀರೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇನ್ನೊಂದು ಅಧ್ಯಯನ 2006-07ರ ಚಳಿಗಾಲದಲ್ಲಿ ಅಮೆರಿಕದ ಮೇಯ್ನ್, ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್ ರಾಜ್ಯಗಳ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆಯಿತು. ದಿನನಿತ್ಯದ ಕೆಲಸದಲ್ಲಿ ಸಿಬ್ಬಂದಿ ಸೋಪಿನಷ್ಟೇ ಅಥವಾ ಸೋಪಿಗಿಂತ ಹೆಚ್ಚಾಗಿ ಸ್ಯಾನಿಟೈಜರನ್ನು ಬಳಸುತ್ತಿದ್ದ ಕೇಂದ್ರಗಳಲ್ಲಿ ನೋರೋವೈರಸ್ ಹರಡಿದ ಪ್ರಸಂಗಗಳು ಹೆಚ್ಚಿದ್ದುದು ಅಲ್ಲಿ ಕಂಡುಬಂತು. ಇಂಥ ಹೋಲಿಕೆಯಿಂದ ಸ್ಯಾನಿಟೈಜರೇ ಕಾರಣವೆಂದು ಸಾಬೀತಾಗುವುದಿಲ್ಲ, ಆದರೆ ಪ್ರಯೋಗಾಲಯದ ಫಲಿತಾಂಶದೊಂದಿಗೆ ಅದು ಹೊಂದುತ್ತದೆ. ಅಮೆರಿಕದ ಆಹಾರ ನಿಯಮಾವಳಿಯೂ ಆಹಾರ ಮುಟ್ಟುವವರು ಸ್ಯಾನಿಟೈಜರನ್ನು ತೊಳೆದ ಕೈಗೆ ಮಾತ್ರ ಹಚ್ಚಬೇಕು ಎನ್ನುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಪರವಾನಗಿ ನಿಯಮಗಳ ನಾಲ್ಕನೇ ಅನುಸೂಚಿ ಕೂಡ ಕೈತೊಳೆಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿದೆ.

ಸಮಯದ ವಾದವನ್ನು ಮಾಲೀಕರು ಯಾವಾಗಲೂ ಮುಂದಿಡುತ್ತಾರೆ. ಬೆಳಗಿನ ಎಂಟರ ರಶ್ಶಿನಲ್ಲಿ 20 ಸೆಕೆಂಡು ಕೈ ಉಜ್ಜುವವರಾರು ಎನ್ನುತ್ತಾರೆ. ಆದರೆ ಸ್ಯಾನಿಟೈಜರನ್ನು ಸರಿಯಾಗಿ ಹಚ್ಚಿ ಕೈ ಪೂರ್ತಿ ಒಣಗುವವರೆಗೆ ಉಜ್ಜಬೇಕೆಂದರೂ ಅಷ್ಟೇ ಸಮಯ ಹಿಡಿಯುತ್ತದೆ. ಉಳಿತಾಯವಾಗುವುದು ಸಿಂಕಿನವರೆಗೆ ನಡೆಯುವ ಹೊತ್ತು ಮಾತ್ರ. ಹಾಗಿದ್ದ ಮೇಲೆ ಸಿಂಕನ್ನೇ ಹತ್ತಿರಕ್ಕೆ ತರುವುದು ಜಾಣತನ. ಪಾತ್ರೆ ತೊಳೆಯುವ ಸಿಂಕನ್ನು ಇದಕ್ಕೆ ಬಳಸಬಾರದು, ಏಕೆಂದರೆ ಅದರಲ್ಲಿ ಯಾವಾಗಲೂ ಪಾತ್ರೆ ತುಂಬಿರುತ್ತದೆ. ಕಲಸುವ ಮತ್ತು ಬಡಿಸುವ ಜಾಗದ ಪಕ್ಕದಲ್ಲಿ ಮೊಣಕೈಯಿಂದ ತಿರುಗಿಸುವ ಉದ್ದ ಹಿಡಿಯ ನಲ್ಲಿಯಿರುವ ಸಣ್ಣ ಸಿಂಕೊಂದನ್ನು ಹಾಕಿಸುವುದು, ನನ್ನ ದೃಷ್ಟಿಯಲ್ಲಿ, ಕೈಯ ಶುಚಿಗಾಗಿ ಮಾಡುವ ಖರ್ಚುಗಳಲ್ಲೆಲ್ಲ ಅತ್ಯಂತ ಸಾರ್ಥಕವಾದದ್ದು. ತಿರುಪಿನ ನಲ್ಲಿಯಾದರೆ ಕೊಳೆಯಾದ ಕೈಯಿಂದ ತೆರೆದದ್ದನ್ನೇ ತೊಳೆದ ಕೈಯಿಂದ ಮುಚ್ಚಬೇಕಾಗುತ್ತದೆ.

ಸೋಪು ಬಿಲ್ಲೆಯೋ ದ್ರವವೋ ಎಂಬುದು ದೊಡ್ಡ ಪ್ರಶ್ನೆಯಲ್ಲ. ಬಿಲ್ಲೆಯಾದರೆ ನೀರು ಬಸಿಯುವ ತಟ್ಟೆಯಲ್ಲಿಡಿ, ದ್ರವವಾದರೆ ನೀರು ಬೆರೆಸಿ ತೆಳುವಾಗಿಸಬೇಡಿ. ಕ್ರಿಮಿನಾಶಕ ಸೋಪಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ, ಬ್ಯಾಕ್ಟೀರಿಯಾಕ್ಕೆಂದು ಅದರಲ್ಲಿ ಸೇರಿಸಿದ ರಾಸಾಯನಿಕದಿಂದ ಈ ವೈರಸ್ಸಿಗೆ ವಿಶೇಷವೇನೂ ಆಗುವುದಿಲ್ಲ. ಆದರೆ ಕೈ ಒರೆಸಿಕೊಳ್ಳುವ ವಿಷಯದಲ್ಲಿ ಜಿಪುಣತನ ಬೇಡ. ಮೊಳೆಗೆ ನೇತುಹಾಕಿ ಬೆಳಗಿನಿಂದ ಹತ್ತು ಜನ ಒರೆಸಿಕೊಂಡ ಒದ್ದೆ ಟವೆಲ್ಲು ತೊಳೆದದ್ದನ್ನೆಲ್ಲ ಹಿಂತಿರುಗಿಸುತ್ತದೆ, ಹೆಗಲ ಮೇಲಿನ ಪಂಚೆಯೂ ಹಾಗೆಯೇ. ಒಮ್ಮೆ ಬಳಸಿ ಎಸೆಯುವ ಕಾಗದ ಉತ್ತಮ. ಅದು ದುಬಾರಿ ಎನಿಸಿದರೆ ಒಗೆದು ಒಣಗಿಸಿದ ಸಣ್ಣ ಬಟ್ಟೆಯ ತುಂಡುಗಳನ್ನು ಒಂದು ಡಬ್ಬಿಯಲ್ಲಿಟ್ಟು, ಬಳಸಿದ್ದನ್ನು ಇನ್ನೊಂದು ಡಬ್ಬಿಗೆ ಹಾಕುವ ಪದ್ಧತಿ ಮಾಡಿಕೊಳ್ಳಬಹುದು.

ಸ್ಯಾನಿಟೈಜರುಗಳ ನಡುವೆಯೇ ಆರಿಸಬೇಕಾದಾಗ

ತೊಳೆದ ಕೈಗೆ ಹೆಚ್ಚುವರಿಯಾಗಿ ಸ್ಯಾನಿಟೈಜರ್ ಹಚ್ಚುವುದಾದರೆ, ಅಥವಾ ಗಿರಾಕಿಗಳಿಗಾಗಿ ಬಾಗಿಲಲ್ಲಿ ಇಡುವುದಾದರೆ, ಆಲ್ಕೋಹಾಲಿನದನ್ನೇ ಆರಿಸಿ. ಸಿಡಿಸಿ ಕನಿಷ್ಠ 60 ಪ್ರತಿಶತ ಆಲ್ಕೋಹಾಲು ಇರಬೇಕೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಎರಡು ಸೂತ್ರಗಳಲ್ಲಿ ಒಂದರಲ್ಲಿ 80 ಪ್ರತಿಶತ ಎಥನಾಲ್, ಇನ್ನೊಂದರಲ್ಲಿ 75 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಇದೆ. ಹೊದಿಕೆಯಿಲ್ಲದ ವೈರಸ್ಸುಗಳ ಮೇಲೆ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಎಥನಾಲ್ ಸಾಮಾನ್ಯವಾಗಿ ಮೇಲುಗೈ ಪಡೆದಿದೆ, ಆದ್ದರಿಂದ ಎರಡೂ ಸಿಗುವಾಗ ಎಥನಾಲಿನದು ಲೇಸು. ಆಲ್ಕೋಹಾಲು ರಹಿತ ಎಂದು ಬರೆದಿರುವ, ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ಬಾಟಲಿ ಚರ್ಮಕ್ಕೆ ಹಿತವಾಗಿರಬಹುದು, ಬೆಂಕಿಯ ಭಯವೂ ಇಲ್ಲ. ಆದರೆ ನೋರೋವೈರಸ್ ತಡೆಗೆ ಅದನ್ನು ನಂಬಿ ಕೊಳ್ಳುವುದು ಬೇಡ.

ಲೇಬಲ್ಲನ್ನು ಓದುವಾಗ ಎಚ್ಚರ ಬೇಕು. 99.9 ಪ್ರತಿಶತ ಕ್ರಿಮಿಗಳ ನಾಶ ಎಂಬ ದೊಡ್ಡಕ್ಷರದ ಮಾತು ಬಹುತೇಕ ಬ್ಯಾಕ್ಟೀರಿಯಾಗಳ ಮೇಲಿನ ಪರೀಕ್ಷೆಯನ್ನು ಆಧರಿಸಿರುತ್ತದೆ. ನೋರೋವೈರಸ್ ಎಂದೇ ಬರೆದಿದ್ದರೂ, ಆ ಪರೀಕ್ಷೆ ಹೆಚ್ಚಾಗಿ ಬೆಕ್ಕುಗಳಿಗೆ ತಗಲುವ ಕ್ಯಾಲಿಸಿವೈರಸ್ ಅಥವಾ ಇಲಿಗಳ ನೋರೋವೈರಸ್ ಮೇಲೆ ನಡೆದಿರುತ್ತದೆ, ಏಕೆಂದರೆ ಮನುಷ್ಯರ ನೋರೋವೈರಸ್ಸನ್ನು ಪ್ರಯೋಗಾಲಯದಲ್ಲಿ ಮನುಷ್ಯರ ಕರುಳಿನ ಜೀವಕೋಶಗಳಲ್ಲಿ ಬೆಳೆಸುವ ವಿಧಾನ ಕೈಗೂಡಿದ್ದು 2016ರಲ್ಲಿ. ಬೆಕ್ಕಿನ ವೈರಸ್ಸು ಸೋತಿತೆಂದು ಮನುಷ್ಯರದೂ ಸೋಲುತ್ತದೆ ಎನ್ನಲಾಗದು. 2020ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅಲ್ಲಿನ ಹೆಸರಾಂತ ಸ್ಯಾನಿಟೈಜರ್ ತಯಾರಕರೊಬ್ಬರಿಗೆ, ನೋರೋವೈರಸ್ ಸೇರಿದಂತೆ ಕೆಲವು ಕಾಯಿಲೆಗಳ ವಿಷಯದಲ್ಲಿ ಆಧಾರವಿಲ್ಲದ ಭರವಸೆ ನೀಡಬಾರದೆಂದು ಎಚ್ಚರಿಕೆಯ ಪತ್ರ ಬರೆದಿತ್ತು.

ಅಡುಗೆಮನೆಯೊಳಗೆ ಆಲ್ಕೋಹಾಲಿನ ಬಾಟಲಿಯನ್ನು ಒಲೆಯಿಂದ ದೂರವಿಡಬೇಕು. ಹಚ್ಚಿದ ಕೈ ಒಣಗುವ ಮುನ್ನ ಬರ್ನರ್ ಹಚ್ಚಲು ಹೋದರೆ ಕೈಗೇ ಬೆಂಕಿ ಹತ್ತಬಹುದು, ಮತ್ತು ಆ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಗ್ಲೌಸು

ಶುಚಿಯಾಗಿ ತೊಳೆದ ಕೈಗೆ ಹಾಕಿಕೊಂಡು, ಒಂದೇ ಕೆಲಸಕ್ಕೆ ಬಳಸಿ, ಕೆಲಸ ಬದಲಾದೊಡನೆ ಎಸೆಯುವ ಗ್ಲೌಸು ಒಳ್ಳೆಯ ರಕ್ಷಣೆ. ಅದೇ ಗ್ಲೌಸಿನಲ್ಲಿ ದೋಸೆ ಮಡಚಿ, ಚಿಲ್ಲರೆ ಎಣಿಸಿ, ಫೋನು ಎತ್ತಿ, ಮತ್ತೆ ಚಟ್ನಿಗೆ ಸೌಟು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಬರಿಗೈಯಾದರೆ ಅಂಟಿದ್ದು ಗೊತ್ತಾಗಿ ತೊಳೆಯಬೇಕೆನಿಸುತ್ತದೆ. ಗ್ಲೌಸು ಹಾಕಿದವನಿಗೆ ಆ ಅರಿವೂ ಇರುವುದಿಲ್ಲ. ದಿನಕ್ಕೆ ಒಂದೇ ಜೊತೆ ಕೊಡುವುದಾದರೆ ಕೊಡದಿರುವುದೇ ಮೇಲು. ನಮ್ಮ ಅಡುಗೆಗೆ ಬಹುಪಾಲು ಕಡೆ ಇಕ್ಕಳ, ಚಮಚ, ಉದ್ದ ಹಿಡಿಯ ಸೌಟುಗಳೇ ಗ್ಲೌಸಿಗಿಂತ ಒಳ್ಳೆಯವು: ಉಪ್ಪಿಗೊಂದು ಪುಟ್ಟ ಚಮಚ, ಕೋಸಂಬರಿಗೆ ಎರಡು ಮರದ ಸೌಟು, ಐಸಿಗೆ ಇಕ್ಕಳ.

ಕೈ ಮುಟ್ಟುವ ಜಾಗಗಳಿಗೆ ಯಾವುದು?

ಶೌಚಾಲಯದ ಚಿಲಕ, ನಲ್ಲಿ, ಫ್ರಿಜ್ಜಿನ ಹಿಡಿ, ಮೇಜು ಇವುಗಳ ಮೇಲೆ ಈ ವೈರಸ್ ದಿನಗಟ್ಟಲೆ ಉಳಿಯಬಲ್ಲದು. ಫಿನಾಯಿಲಿನ ವಾಸನೆ ಶುಚಿಯಾದ ಭಾವನೆ ಕೊಡುತ್ತದೆ, ಆದರೆ ನೋರೋವೈರಸ್ಸಿಗೆ ಅದನ್ನು ನಂಬಲಾಗದು. ಇಲ್ಲಿ ಕ್ಲೋರಿನ್ನಿಗೆ ಸಾಟಿಯಿಲ್ಲ, ಅದೂ ಅಗ್ಗವಾದದ್ದು. ಸಿಡಿಸಿ ಸೂಚಿಸುವುದು 1000ದಿಂದ 5000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ ಕ್ಲೋರಿನ್ನು. 5 ಪ್ರತಿಶತದ ಹೈಪೋಕ್ಲೋರೈಟ್ ದ್ರವವಾದರೆ 20 ಮಿಲಿಲೀಟರಿಗೆ ನೀರು ಸೇರಿಸಿ ಒಂದು ಲೀಟರ್ ಮಾಡಿದಾಗ 1000 ಪಿಪಿಎಂ, 100 ಮಿಲಿಲೀಟರಿಗೆ ಸೇರಿಸಿದಾಗ 5000 ಪಿಪಿಎಂ ಸಿಗುತ್ತದೆ. ಸುಮಾರು 30 ಪ್ರತಿಶತ ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರಾದರೆ ಲೀಟರಿಗೆ ಮೂರೂವರೆ ಗ್ರಾಂ 1000ಕ್ಕೆ, 17 ಗ್ರಾಂ 5000ಕ್ಕೆ. ತೆರೆದಿಟ್ಟ ಹಳೆಯ ಪೌಡರು ಸತ್ವ ಕಳೆದುಕೊಂಡಿರುತ್ತದೆ. ಮೊದಲು ಸೋಪಿನಿಂದ ತೊಳೆದು, ಆಮೇಲೆ ಕ್ಲೋರಿನ್ ನೀರು ಹಾಕಿ ಕನಿಷ್ಠ ಐದು ನಿಮಿಷ ಬಿಡಬೇಕು, ಆಹಾರ ಮುಟ್ಟುವ ಸ್ಟೀಲನ್ನು ಕೊನೆಗೆ ಒಳ್ಳೆಯ ನೀರಿನಿಂದ ತೊಳೆಯಬೇಕು. ಮಿಶ್ರಣವನ್ನು ಪ್ರತಿದಿನ ಹೊಸದಾಗಿ ಮಾಡಿಕೊಳ್ಳಿ. ಇದನ್ನು ಕೈಗೆ ಹಚ್ಚಬೇಡಿ, ಶೌಚಾಲಯ ತೊಳೆಯುವ ಆಸಿಡ್ಡಿನ ಜೊತೆಗೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಬಾಟಲಿಯಲ್ಲಿ ಸಿಗದ ಆಯ್ಕೆ

ಮೇಲಿನ ಎಲ್ಲವನ್ನೂ ಒಂದು ಕಡೆ, ಕಾಯಿಲೆಯಾದ ಕೆಲಸಗಾರನಿಗೆ ಕೊಡುವ ಸಂಬಳಸಹಿತ ರಜೆಯನ್ನು ಇನ್ನೊಂದು ಕಡೆ ಇಟ್ಟು ತೂಗಿದರೆ, ನಾನು ರಜೆಯನ್ನೇ ಆರಿಸುತ್ತೇನೆ. ವಾಂತಿ-ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಆಹಾರದ ಕೆಲಸದಿಂದ ದೂರವಿರಬೇಕೆಂಬುದು ಸಿಡಿಸಿಯ ಸಲಹೆ. ಅದೇ 2014ರ ವರದಿಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ವಾಂತಿ-ಭೇದಿಯಿದ್ದಾಗಲೂ ಕೆಲಸಕ್ಕೆ ಬಂದಿದ್ದೇವೆಂದು ಅಲ್ಲಿನ ಐವರು ಅಡುಗೆ ಕೆಲಸಗಾರರಲ್ಲಿ ಒಬ್ಬರು ಒಪ್ಪಿಕೊಂಡಿದ್ದರು. ಕೆಲಸ ಹೋದೀತೆಂಬ ಭಯ, ಜೊತೆಯವರಿಗೆ ಹೊರೆಯಾದೀತೆಂಬ ಸಂಕೋಚ ಅವರು ಕೊಟ್ಟ ಕಾರಣಗಳು. ದಿನಗೂಲಿಯ ಮೇಲೆ ದುಡಿಯುವ ನಮ್ಮ ಬಡಿಸುವವರಿಗೆ ಮತ್ತು ಕ್ಲೀನರ್ ಹುಡುಗರಿಗೆ ಆ ಭಯ ಇನ್ನೂ ಹೆಚ್ಚು. ಎರಡು ದಿನದ ಕೂಲಿ ಕಡಿತ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಮಾತ್ರ ಹೊಟ್ಟೆ ಕೆಟ್ಟಿದೆ ಎಂಬ ಸತ್ಯ ಮಾಲೀಕರ ಕಿವಿಗೆ ಬೀಳುತ್ತದೆ. ಪೂರ್ತಿ ರಜೆ ಕೊಡಲು ಆಗದ ಚಿಕ್ಕ ಹೋಟೆಲಿನವರು, ಆತ ಚೇತರಿಸಿಕೊಂಡು ಬಂದ ಮೇಲಿನ ದಿನಗಳಲ್ಲಾದರೂ ಅವನನ್ನು ಕಲಸುವ, ಹೆಚ್ಚುವ, ಬಡಿಸುವ ಕೆಲಸದಿಂದ ಬಿಡಿಸಿ ಗಲ್ಲಾಕ್ಕೋ ಸಾಮಾನು ಇಳಿಸುವುದಕ್ಕೋ ಹಾಕಬಹುದು.

ನಲ್ಲಿಯಿಲ್ಲದ ಕಡೆ

ದರ್ಶಿನಿಗೂ ಹಾಸ್ಟೆಲಿಗೂ ಮೇಲೆ ಹೇಳಿದ್ದು ಸಾಕು. ಬಯಲಿನಲ್ಲಿ ಶಾಮಿಯಾನ ಹಾಕಿ ಅಡುಗೆ ಮಾಡುವವರು ಮತ್ತು ಗಾಡಿಯಲ್ಲಿ ಪಾನಿಪುರಿ ಮಾರುವವರು ಮಾತ್ರ ನೀರಿಲ್ಲದ ಕಾರಣ ಕೊಟ್ಟು ಸ್ಯಾನಿಟೈಜರಿಗೆ ಹೋಗುತ್ತಾರೆ. ಅವರ ತೊಂದರೆ ನಿಜವಾದದ್ದು. ಆದರೆ ಬಕೆಟ್ಟಿನಲ್ಲಿ ಎಲ್ಲರೂ ಕೈ ಅದ್ದುವುದರ ಬದಲು, 20 ಲೀಟರ್ ಕ್ಯಾನಿನ ಬುಡಕ್ಕೊಂದು ನಲ್ಲಿ ಕೂರಿಸಿ, ಎತ್ತರದ ಸ್ಟೂಲಿನ ಮೇಲಿಟ್ಟು, ಕೆಳಗೆ ಕೊಳೆನೀರಿಗೊಂದು ಬಕೆಟ್ಟು ಇಟ್ಟರೆ ಹರಿಯುವ ನೀರು ಸಿದ್ಧ. ಸೋಪನ್ನು ಹಳೆಯ ಕಾಲುಚೀಲದ ಬಟ್ಟೆಯಲ್ಲಿ ಕಟ್ಟಿ ಕ್ಯಾನಿನ ಹಿಡಿಗೆ ನೇತುಹಾಕಿದರೆ ಅದು ಮಣ್ಣಿಗೂ ಬೀಳುವುದಿಲ್ಲ. ನಲ್ಲಿಯನ್ನು ಸಣ್ಣದಾಗಿ ಬಿಟ್ಟು ತೊಳೆದರೆ ಒಬ್ಬರಿಗೆ ಅರ್ಧ ಲೀಟರ್ ನೀರು ಸಾಕು. ಒಂದು ಕ್ಯಾನಿನಲ್ಲಿ ನಲವತ್ತು ಸಲ ಕೈ ತೊಳೆಯಬಹುದು. ಅಡುಗೆ ಸಾಮಾನಿನ ಪಟ್ಟಿ ಬರೆಯುವಾಗ ಕೊಳಗ, ಬಾಣಲೆ, ಜಾಲರಿಗಳ ಜೊತೆಗೆ ಆ ನಲ್ಲಿಯ ಕ್ಯಾನನ್ನೂ ಬರೆದುಕೊಂಡರೆ ಲಾರಿಗೆ ಹತ್ತಿಸುವವರು ಮರೆಯುವುದಿಲ್ಲ.